ಪರದೆಯೊಳಗಿನ ಹಾಜರಿ

"ಕೇಳ್ತೈತೇನಮ್ಮಾ?" ಎಂದು ಲಕ್ಷ್ಮೀನರಸಪ್ಪ ಮೇಷ್ಟ್ರು ಮತ್ತೊಮ್ಮೆ ಕೂಗಿದಾಗ ಗೋಡೆಯ ಮೇಲಿನ ದೊಡ್ಡ ಪರದೆ ಅಲುಗಿದಂತಾಗಿ, ಅದರ ಮೂಲೆಯಲ್ಲಿ ತ್ರಿವೇಣಿಯ ಮುಖ ಮೂಡಿತು.

"ಕೇಳ್ತೈತ್ರಿ ಸಾರ್."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹಿಂದಿನ ಬೆಂಚಿನಲ್ಲಿ ಮಂಡಲದ ಶಿಕ್ಷಣಾಧಿಕಾರಿ ಕೂತಿದ್ದರು. ದಸರಾ ರಜೆಯಲ್ಲಿ, ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿದ ತಾಯಿಯ ಜೊತೆ ಆಂಧ್ರದ ರಾಯದುರ್ಗ ಬಿಟ್ಟು ಹೋದ ಹತ್ತನೇ ತರಗತಿಯ ಹುಡುಗಿಗೆ ಇಲ್ಲಿ ದಿನವೂ ಹಾಜರಿ ಬೀಳುತ್ತಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಸುಳ್ಳು ಹಾಜ್ರಿ ಅಲ್ಲ ಸಾರ್," ಎಂದು ಬೆಳಿಗ್ಗೆ ಆಫೀಸು ಕೋಣೆಯಲ್ಲಿ ಮೇಷ್ಟ್ರು ಅಂಗಲಾಚಿದ್ದರು. "ಸರ್ಕಾರ ಕೊಟ್ಟ ಟ್ಯಾಬು ಅವಳತ್ರನೇ ಐತೆ. ನನ್ನ ಫೋನಿನ ನೆಟ್ ಹಾಕಿ ಕ್ಲಾಸಿನ ಬೋರ್ಡಿಂದ ಕಾಲ್ ಮಾಡ್ತೀನಿ. ಅಲ್ಲಿ ಮನೇಲೇ ಕೂತು ಪಾಠ ಕೇಳ್ತಾಳೆ."

ಅಧಿಕಾರಿ ಕನ್ನಡಕ ಒರೆಸಿಕೊಂಡಿದ್ದರು. "ತೋರಿಸಿ ನೋಡೋಣ ಮಾಸ್ಟರ್ ಗಾರು. ನಿಜವಾಗ್ಲೂ ಪಾಠ ಕೇಳ್ತಿದ್ರೆ ಪರೀಕ್ಷೆ ತನಕ ಹೆಸರು ಇರ್ಲಿ. ಇಲ್ಲಾಂದ್ರೆ ತೆಗೀಲೇಬೇಕು. ನನ್ನ ಕೈಲಿ ಏನೂ ಇಲ್ಲ."

ಆ ಪರದೆಯ ಬೋರ್ಡು ಶಾಲೆಗೆ ಬಂದು ವರ್ಷವಾಗಿತ್ತು. ಅದರೊಳಗೆ ತುಂಬಿ ಕಳಿಸಿದ್ದ ಪಾಠಗಳೆಲ್ಲ ತೆಲುಗಿನವು. ಕನ್ನಡ ಮೀಡಿಯಮ್ಮಿನವು ಬರುತ್ತವೆ, ಬರುತ್ತವೆ ಎಂದು ಹೇಳಿಸಿಕೊಂಡೇ ಮೇಷ್ಟ್ರು ಅದನ್ನು ಬೆರಳಲ್ಲಿ ಬರೆಯುವ ಹಲಗೆಯ ಹಾಗೆ ಬಳಸುತ್ತಿದ್ದರು. ತ್ರಿವೇಣಿ ಹೋದ ಮೇಲೆ ಮಾತ್ರ ಅದಕ್ಕೊಂದು ಕೆಲಸ ಸಿಕ್ಕಿತ್ತು. ಮೇಷ್ಟ್ರು ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ ಹುಡುಗಿ ಅವಳು. ಅವಳಿಲ್ಲದ ತರಗತಿಯಲ್ಲಿ ಅವರ ದನಿ ಅವರಿಗೇ ತಿರುಗಿ ಕೇಳಿಸುತ್ತಿತ್ತು.

"ಏ ತ್ರಿವೇಣಿ, ಬೆಂಗ್ಳೂರಾಗ ಉಗ್ಗಾಣಿ ಸಿಗ್ತೈತೇನು?" ಎಂದು ಮುಂದಿನ ಬೆಂಚಿನ ತಿಪ್ಪೇಸ್ವಾಮಿ ಕೂಗಿದ.

"ಸಿಗ್ತೈತಿ. ನಿನ್ನಂಗ ಸಪ್ಪಗ ಇರ್ತೈತಿ."

ತರಗತಿ ನಕ್ಕಿತು. ಅಧಿಕಾರಿಯೂ ನಕ್ಕರು. ಆ ನಗು ನೋಡಿ ಮೇಷ್ಟ್ರಿಗೆ ಧೈರ್ಯ ಬಂದು ವರ್ಗ ಸಮೀಕರಣದ ಪಾಠ ಶುರು ಮಾಡಿದರು. ತ್ರಿವೇಣಿ ಒಮ್ಮೆ ಬೋರ್ಡು ನೋಡುವಳು, ಒಮ್ಮೆ ತಲೆ ತಗ್ಗಿಸುವಳು. ಪರದೆಯಲ್ಲಿ ಕಾಣುತ್ತಿದ್ದುದು ಮುಖ ಮತ್ತು ಭುಜಗಳಷ್ಟೇ. ತಗ್ಗಿದಾಗಲೆಲ್ಲ ಬಲಭುಜ ಸಣ್ಣಗೆ, ಬಿಡುವಿಲ್ಲದೆ ಆಡುತ್ತಿತ್ತು.

"ನೋಡಿ ಸಾರ್, ಒಂದಕ್ಷರ ಬಿಡ್ದಂಗೆ ಬರ್ಕೊಂತಾಳೆ," ಎಂದರು ಮೇಷ್ಟ್ರು.

ಮಕ್ಕಳ ಗಲಾಟೆ ತಟ್ಟನೆ ನಿಂತಿತು. ಅದು ತಮ್ಮ ಮಾತಿಗೆ ಸಿಕ್ಕ ಮರ್ಯಾದೆ ಎಂದುಕೊಂಡರು ಅವರು.

ಅಧಿಕಾರಿ ಎದ್ದು ನಿಂತರು. "ಸಾಕು ಮಾಸ್ಟರ್ ಗಾರು, ಸಾಕು. ಹೆಸರು ಇರ್ಲಿ ಬಿಡಿ."

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಇಷ್ಟು ದಿನ ಒಳಗೊಳಗೇ ಬಚ್ಚಿಟ್ಟುಕೊಂಡಿದ್ದ ಹೆಮ್ಮೆ ಮೇಷ್ಟ್ರ ಗಂಟಲಿಗೆ ಬಂದಿತ್ತು. "ಒಂದ್ನಿಮಿಷ ಸಾರ್. ಇವಳು ಲೆಕ್ಕ ಮಾಡೋದು ನೀವು ನೋಡ್ಬೇಕು. ಟ್ಯಾಬಲ್ಲಿ ಬರೆದ್ರೆ ಇಲ್ಲಿ ಮೂಡ್ತೈತೆ."

ತಿಪ್ಪೇಸ್ವಾಮಿ ಎದ್ದು ನಿಂತ. "ಬ್ಯಾಡ್ರಿ ಸಾರ್. ನೆಟ್ ಹೋಗ್ತೈತ್ರಿ."

"ಕೂತ್ಕೊಳ್ಳೋ ಸುಮ್ನೆ."

"ಸಾರ್, ಆ ಲೆಕ್ಕ ನಾ ಮಾಡ್ತೀನ್ರಿ," ಎಂದಳು ಜ್ಯೋತಿ. ಗಣಿತದ ಪೀರಿಯಡ್ಡಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ ಆಕೆ. ಮೇಷ್ಟ್ರು ಅವಳನ್ನು ಅಚ್ಚರಿಯಿಂದ ನೋಡಿ, ಪರದೆಯ ಕಡೆ ತಿರುಗಿದರು.

"ಬರಿಯಮ್ಮ."

"ಈಗೇನ್ರಿ ಸಾರ್?" ತ್ರಿವೇಣಿ ಪಕ್ಕಕ್ಕೆ ನೋಡಿದಳು.

"ಹೂಂ, ಈಗ್ಲೇ. ಟ್ಯಾಬು ಕೈಗೆ ತಗೋ."

ಅವಳು ಕೈ ಚಾಚಿದಳು. ಯಾವುದಕ್ಕೋ ಒರಗಿಸಿಟ್ಟಿದ್ದ ಟ್ಯಾಬು ಮುಂದಕ್ಕೆ ಬಾಗಿತು. ಪರದೆಯಲ್ಲಿ ಮುಖ ಜಾರಿ ಮಡಿಲು ಕಂಡಿತು. ಮಡಿಲಲ್ಲಿ ಒಳಮೈ ಹೊರಗಾಗಿ ಹರಡಿದ್ದ ಜೀನ್ಸ್ ಪ್ಯಾಂಟು. ಬೆರಳಿಗೆ ಸಿಕ್ಕಿಸಿಕೊಂಡ ದಾರ ಕತ್ತರಿಸುವ ಪುಟ್ಟ ಕತ್ತರಿ. ಮುಂಗೈ ತನಕ ಅಂಟಿದ್ದ ನೀಲಿ ದಾರದ ಚೂರು. ಟ್ಯಾಬು ಇನ್ನಷ್ಟು ವಾಲಿದಾಗ ಪಕ್ಕದ ಮಡಿಲುಗಳು, ಅವುಗಳ ಆಚೆ ಎದೆಮಟ್ಟದ ಪ್ಯಾಂಟಿನ ರಾಶಿ.

"ಯಾಕ ಕೈ ನಿಲ್ಲಿಸಿದ್ಯೇ? ಸೂಪ್ರವೈಜರ್ ಬರ್ತಾನ," ಎಂಬ ಹೆಂಗಸಿನ ದನಿ ತರಗತಿಯ ತುಂಬ ಕೇಳಿಸಿತು. ತ್ರಿವೇಣಿಯ ತಾಯಿ ಮೂಕಮ್ಮನ ದನಿ.

"ತಡಿಯವ್ವಾ. ಒಂದ ಒಂದು ಲೆಕ್ಕ."

ಟ್ಯಾಬು ಅವಳ ತೊಡೆಯ ಮೇಲೆ ಮಲಗಿತು. ಈಗ ಪರದೆಯ ಮೂಲೆಯಲ್ಲಿ ಛಾವಣಿಯ ತಗಡು ಮಾತ್ರ ಕಾಣುತ್ತಿತ್ತು. ಉಳಿದ ಬಿಳಿ ಜಾಗದಲ್ಲಿ, ಯಾರೂ ಮುಟ್ಟದೆ, ಒಂದೊಂದೇ ಅಂಕಿ ಮೂಡತೊಡಗಿತು.

ಅಧಿಕಾರಿ ಅಂಕಿಗಳನ್ನು ನೋಡಲಿಲ್ಲ. ಮೇಷ್ಟ್ರ ಹತ್ತಿರ ಬಂದು ಮೆಲ್ಲಗೆ, "ನಾನು ಎದ್ದಾಗಲೇ ಕಾಲ್ ಕಟ್ ಮಾಡಬೇಕಿತ್ತು ನೀವು," ಎಂದರು.

"ಸಾರ್, ನಂಗೆ ಗೊತ್ತಿರ್ಲಿಲ್ಲ..."

"ನೋಡದೇ ಇದ್ದಿದ್ರೆ ನಂಗೂ ಗೊತ್ತಿರ್ತಿರ್ಲಿಲ್ಲ. ನೋಡಿಬಿಟ್ಟೆ. ಕೆಲಸದ ಮೇಲೆ ಕೂತಿರೋ ಹುಡುಗಿಗೆ ಹಾಜ್ರಿ ಹೆಂಗೆ ಬರ್ಸೋದು? ನಾಳೆ ನನ್ನನ್ನ ಕೇಳ್ತಾರೆ." ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗಾದರೂ ಬೀಳಬಹುದಿತ್ತು ಎನಿಸಿತು ಮೇಷ್ಟ್ರಿಗೆ. "ಇವತ್ತೇ ಹೆಸರು ತೆಗೀರಿ. ಟ್ಯಾಬು ವಾಪಸ್ ತರಿಸಿ."

ಅವರು ಹೊರಟುಹೋದರು. ಅಂಗಳದಲ್ಲಿ ಜೀಪು ಶುರುವಾದ ಸದ್ದು ಕೇಳಿಸಿತು.

ಮೇಷ್ಟ್ರು ತಿಪ್ಪೇಸ್ವಾಮಿಯ ಬೆಂಚಿನ ಮುಂದೆ ನಿಂತರು. "ನಿಂಗೆ ಗೊತ್ತಿತ್ತೇನೋ?"

"ಎಲ್ಲಾರಿಗೂ ಗೊತ್ತೈತ್ರಿ ಸಾರ್. ಭುಜ ನೋಡಿದ್ರ ತಿಳಿತೈತ್ರಿ. ಬರಿಯಾರ ಭುಜ ಹಂಗ ಆಡಂಗಿಲ್ರಿ. ನಮ್ಮನ್ಯಾಗೂ ಸಂಜಿಗೆ ಎಲ್ಲಾರೂ ಪ್ಯಾಂಟಿನ ದಾರ ಕತ್ತರಸ್ತೀವ್ರಿ."

ಗುಡಿಬಂಡೆ ಕಡೆಯ ಹಿಪ್ಪುನೇರಳೆ ತೋಟಗಳ ನಡುವೆ ಬೆಳೆದು ಇಲ್ಲಿಗೆ ಕೆಲಸಕ್ಕೆ ಬಂದಿದ್ದ ಮೇಷ್ಟ್ರು ದಿನವೂ ಈ ಊರಿನ ಓಣಿಗಳಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ನಡೆದು ಬರುತ್ತಿದ್ದರು. ಯಾವ ಮನೆಯ ಹೊಸಿಲನ್ನೂ ದಾಟಿದವರಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

ಹುಡುಗ ಬೆಂಚು ಕೆರೆದ. "ಹೇಳಿದ್ರ ಹಾಜ್ರಿ ಹಾಕ್ತಿದ್ರೇನ್ರಿ?"



"ಸಾರ್," ಎಂದಿತು ಪರದೆ. "ಆತ್ರಿ. ಸರಿ ಐತ್ರೇನು?"

ಅವರು ತಿರುಗಿದರು. ಸಮೀಕರಣದ ಎರಡು ಮೂಲಗಳೂ ಬಂದಿದ್ದವು. ಕೊನೆಯ ಸಾಲಿನ ಕೆಳಗೆ ಅವಳು ಎಂದಿನಂತೆ ಒತ್ತಾಗಿ ಎರಡು ಗೆರೆ ಎಳೆದಿದ್ದಳು. ಮೇಷ್ಟ್ರು ಬೆರಳೆತ್ತಿ ಅದರ ಪಕ್ಕ ಸರಿ ಗುರುತು ಹಾಕಿದರು.

"ಬಂತ್ರಿ ಸಾರ್, ಕಾಣ್ತು," ಎಂದಳು ತ್ರಿವೇಣಿ, ನಗುವಿನ ದನಿಯಲ್ಲಿ. "ಮುಂದಿಂದು ಹೇಳ್ರಿ. ನಾ ಕೇಳ್ತಿರ್ತೀನಿ."

ಅವಳು ಟ್ಯಾಬನ್ನು ಅಂಗಾತ ಕೆಳಗಿಟ್ಟಳು. ಯಾರೂ ಬೋರ್ಡು ಆರಿಸಲು ಏಳಲಿಲ್ಲ. ಪರದೆಯ ಮೂಲೆಯಲ್ಲಿ ತಗಡಿನ ಕೆಳಗೆ ಫ್ಯಾನೊಂದು ನಿಧಾನವಾಗಿ ತಿರುಗುತ್ತಿತ್ತು. ಆಗೊಮ್ಮೆ ಈಗೊಮ್ಮೆ, ದಾರ ಕತ್ತರಿಸಿ ಮುಗಿದ ಪ್ಯಾಂಟೊಂದು ಈ ಬದಿಯಿಂದ ಆ ಬದಿಗೆ ಹಾರಿ ಹೋಗುವಾಗ, ಅಷ್ಟು ಜಾಗ ಪೂರ್ತಿ ನೀಲಿಯಾಗಿ ಮತ್ತೆ ತೆರೆದುಕೊಳ್ಳುತ್ತಿತ್ತು.