ಮಾಸ್ಟರ್ ಅಂಗಿಯ ಏಳು ಗುಂಡಿ

ಕಟಿಂಗ್ ಮಾಸ್ಟರಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಕಾಲು ಹೇಗೋ ದಾರಿಗೆ ಬಂತು. ಬಲಗೈ ಮಾತ್ರ ಮುನಿಸಿಕೊಂಡ ನೆಂಟನ ಹಾಗೆ ಮಡಿಲಲ್ಲೇ ಬಿದ್ದುಕೊಂಡಿತ್ತು. ಇಪ್ಪತ್ತೆಂಟು ವರ್ಷ ಬೇರೆ ಯಾರಿಗೂ ಮುಟ್ಟಲು ಬಿಡದ ಅವರ ದೊಡ್ಡ ಕತ್ತರಿ ಟೈಲರ್ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿತ್ತು.

ಈಗ ಅಂಗಡಿ ನೋಡಿಕೊಳ್ಳುತ್ತಿದ್ದವನು ಬಾಮೈದ. ಕೆಟ್ಟವನೇನಲ್ಲ, ಅವಸರದವನು. "ಭಾವ, ಕತ್ತರಿಸೋರೇ ಇಲ್ಲ ಅಂದ್ಮೇಲೆ ಇಷ್ಟು ದೊಡ್ಡ ಟೇಬಲ್ ಯಾಕೆ? ತೆಗೆದು ರೆಡಿಮೇಡ್ ಇಡೋಣ," ಎಂದ.

"ಸ್ಕೂಲ್ ಯೂನಿಫಾರಂ ಕೆಲಸ ಶುರುವಾಗೋವರೆಗೆ ತಡಿಯೋ," ಎಂದರು ಮಾಸ್ಟರ್. ಟೇಬಲ್ ಹೋದರೆ ತಾನೂ ಮೂಲೆ ಸೇರಿದ ಹಾಗೇ ಎಂದು ಅವರಿಗೆ ಗೊತ್ತಿತ್ತು.

ದೊಡ್ಡಾಸ್ಪತ್ರೆ ಎರಡು ಬಸ್ಸಿನ ದೂರ. ಹೋಗಿ ಬರುವಷ್ಟರಲ್ಲಿ ಇದ್ದ ಶಕ್ತಿಯೂ ಸೋರಿಹೋಗುತ್ತದೆಂದು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಷ್ಟರಲ್ಲಿ ಪಕ್ಕದ ಬೀದಿಯ ಆರೋಗ್ಯ ಕೇಂದ್ರಕ್ಕೆ ವಾರಕ್ಕೆರಡು ದಿನ ಫಿಸಿಯೋ ಮೇಡಂ ಬರತೊಡಗಿದರು. ಹೆಂಡತಿ ಮಾಸ್ಟರನ್ನು ಎಳೆದುಕೊಂಡೇ ಹೋದಳು.

ಮೇಡಂ ಹತ್ತಿರ ಯಂತ್ರವೂ ಇಲ್ಲ, ಮಂತ್ರವೂ ಇಲ್ಲ. ಇದ್ದದ್ದು ಒಂದು ಸ್ಪಂಜು, ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಒಂದು ಕುರ್ಚಿ. ಹಿಂಡಿ, ಬಿಡಿ, ಏಳಿ, ಕೂರಿ.

"ಇಷ್ಟಕ್ಕೆಲ್ಲ ಕೈ ಬರುತ್ತಾ?" ಎಂದು ಮಾಸ್ಟರ್ ಮೂಗು ಮುರಿದರು.

"ಮಾಡಿದ್ರೆ ಬರುತ್ತೆ. ಮೂಗು ಮುರಿದ್ರೆ ಬರಲ್ಲ," ಎಂದರು ಮೇಡಂ.

ತಿಂಗಳಲ್ಲಿ ಭುಜ ಎದ್ದಿತು, ಮೊಣಕೈ ಮಡಚಿತು. ಬೆರಳುಗಳು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮನೆಯಲ್ಲಿ ಬೆರಳಿಗೆ ಕೆಲಸವೇ ಇಲ್ಲವೇನೋ ಎಂದು ಮೇಡಂಗೆ ಅನುಮಾನ ಬಂತು. "ಎಲ್ಲಿ, ಅಂಗಿ ಬಿಚ್ಚಿ ನೋಡೋಣ," ಎಂದರು. ಮಾಸ್ಟರ್ ಎಡಗೈಯಿಂದ ಒಮ್ಮೆ ಎಳೆದರು. ಟಕ ಟಕ ಟಕ, ಅಂಗಿ ತೆರೆದುಕೊಂಡಿತು. ಗುಂಡಿಗಳೇ ಇಲ್ಲ, ಎಲ್ಲ ಪ್ರೆಸ್ ಬಟನ್!

"ನಾನೇ ಮಾಡಿದ್ದು," ಎಂದಳು ಹೆಂಡತಿ ಹೆಮ್ಮೆಯಿಂದ. ಅಂಗಡಿಯ ಅಂಗಿಗಳಿಗೆಲ್ಲ ಕಾಜಾದ ತೂತು ತೆಗೆದು ಗುಂಡಿ ಹಾಕುವವಳು ಅವಳೇ. "ಗುಂಡಿ ಜೊತೆ ಒದ್ದಾಡೋದು ನೋಡೋಕಾಗ್ಲಿಲ್ಲ. ಒಂಬತ್ತು ಅಂಗಿಗೂ ಕಾಜಾ ಮುಚ್ಚಿ ಹೊಲಿದುಬಿಟ್ಟೆ."

"ಅಮ್ಮಾ, ದಿನಾ ಅವರ ಬೆರಳಿಗೆ ಸಿಗಬೇಕಾದ ಔಷಧೀನ ನೀವೇ ಕಿತ್ಕೊಂಡ್ರಲ್ಲ!"

ಪಾಪ, ಅವಳು ಮನೆಗೆ ಬಂದು ಅತ್ತಳು. ಅತ್ತು ಮುಗಿದ ಮೇಲೆ ಹೊಲಿಗೆ ಬಿಚ್ಚಲು ಕೂತಳು. ಒಂಬತ್ತು ಅಂಗಿ, ಒಂದೊಂದಕ್ಕೂ ಏಳು ಗುಂಡಿ.

ಮೊದಲ ದಿನ ಬಲಗೈಯಿಂದ ಒಂದು ಅಂಗಿಯ ಗುಂಡಿ ಹಾಕಲು ಮಾಸ್ಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮಾಸ್ಟರ್ ಗುಂಡಿಯನ್ನು ಬೈದರು, ಮೇಡಂ ಅವರನ್ನು ಬೈದರು, ಗುಂಡಿ ಕಂಡುಹಿಡಿದವನ ವಂಶವನ್ನೇ ಜಾಲಾಡಿದರು. ಸಹಾಯಕ್ಕೆ ಹಾರುವ ತನ್ನ ಕೈಗಳನ್ನು ಹೆಂಡತಿ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಮರುದಿನವೂ ಅದೇ ರಾಮಾಯಣ. ಆದರೆ ಮೂರನೆಯ ವಾರ ಅರ್ಧ ಗಂಟೆ ಸಾಕಾಯಿತು, ಆಮೇಲೆ ಹತ್ತು ನಿಮಿಷ. ಒಂದು ಬೆಳಿಗ್ಗೆ ಅವಳ ಜೊತೆ ಜಗಳವಾಡುತ್ತಲೇ ಏಳನ್ನೂ ಹಾಕಿ ಮುಗಿಸಿದರು. ಮುಗಿದದ್ದು ಇಬ್ಬರಿಗೂ ತಡವಾಗಿ ಗೊತ್ತಾಯಿತು.

ಯೂನಿಫಾರಂ ಬಟ್ಟೆಯ ಗಂಟುಗಳು ಬಂದಿಳಿದ ದಿನ, ಭಾವ ಹೇಳಿದ ಗಡುವು ಮುಗಿಯಿತು, ಕತ್ತರಿಸಲು ಹೊರಗೆ ಕೊಟ್ಟರಾಯಿತು ಎಂದು ಬಾಮೈದ ಟೇಬಲ್ ಎತ್ತಲು ಇಬ್ಬರನ್ನು ಕರೆಸಿದ್ದ. ಮಾಸ್ಟರ್ ನಡೆದುಕೊಂಡೇ ಒಳಗೆ ಬಂದು ಮೊಳೆಯಿಂದ ಕತ್ತರಿ ತೆಗೆದರು.

"ಸರಿಯೋ ಪಕ್ಕಕ್ಕೆ."

ಗಿರಾಕಿಯ ಬಟ್ಟೆಯನ್ನು ಪರೀಕ್ಷೆಗೆ ಹಚ್ಚುವವರಲ್ಲ ಅವರು. ಕಾಯಿಲೆಗೆ ಮುಂಚೆ ತನ್ನ ಅಂಗಿಗೆಂದೇ ತೆಗೆದಿಟ್ಟಿದ್ದ ಬಿಳಿ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆ ಎಳೆದರು. ಕತ್ತರಿ ಮೊದಲ ಅಂಗುಲದಲ್ಲೇ ನಿಂತಿತು. ಮಾಸ್ಟರ್ ಬೆರಳುಗಳನ್ನು ಅದರ ಹಿಡಿಯೊಳಗೆ ಇನ್ನೊಮ್ಮೆ ಕೂರಿಸಿದರು. ಮತ್ತೆ ಬಾಯಿ ತೆರೆದ ಕತ್ತರಿ ಕರಕರ ಎನ್ನುತ್ತ ಗೆರೆಯ ತುದಿ ಮುಟ್ಟುವವರೆಗೂ ನಿಲ್ಲಲಿಲ್ಲ.

ಬಾಮೈದ ಅಂಚಿನ ಮೇಲೆ ಬೆರಳಾಡಿಸಿದ. "ಒಂದು ನೂಲೂ ಆಚೀಚೆ ಆಗಿಲ್ಲ ಭಾವ," ಎಂದು ಕಣ್ಣೊರೆಸಿಕೊಂಡ. ಬಂದಿದ್ದ ಇಬ್ಬರು ಟೇಬಲ್ ಬಿಟ್ಟು ಬಟ್ಟೆಯ ಗಂಟುಗಳನ್ನು ಅದರ ಮೇಲೆ ಎತ್ತಿಟ್ಟರು.

ಮಾಸ್ಟರ್‌ಗೆ ಕುಣಿಯುವಷ್ಟು ಖುಷಿ. ಕತ್ತರಿಸಿದ ಅಂಗಿಯನ್ನು ಮೂಲೆಯಲ್ಲಿ ಗುಂಡಿ ಹಾಕುತ್ತ ಕೂತಿದ್ದ ಹೆಂಡತಿಯ ಮಡಿಲಿಗೆ ಹಾಕಿದರು.

"ಕಾಜಾ ಬಿಗಿಯಾಗಿರ್ಲಿ ಕಣೇ. ಬೆರಳಿಗೆ ಕೆಲಸ ಬೇಕು."