ರಿಪೆಕಾಳ ಕೂದಲು

ದುಬೈಯ ಊದ್ ಮೇಥಾದಲ್ಲಿ ಶಾಲೆಗಳ ಹಿಂದಿನ ಬೀದಿಯಲ್ಲಿ ಯೂನಿಫಾರಂ ಹೊಲಿಯುವ ಅಂಗಡಿಯೊಂದಿದೆ. ಅಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳ ಸ್ಕರ್ಟಿನ ಅಂಚು ಇಳಿಸುತ್ತ, ಪ್ಯಾಂಟಿನ ಸೊಂಟ ಬಿಚ್ಚುತ್ತ ಕೂತವಳು ನಾನು, ಝುಲೈಖ. ನನ್ನ ಹೊಲಿಗೆಯಲ್ಲಿ ತಪ್ಪು ಹಿಡಿದವರು ಇಲ್ಲ. ಇದನ್ನು ಜಂಬ ಎಂದುಕೊಂಡರೂ ಅಡ್ಡಿಯಿಲ್ಲ, ಜಂಬವೇ. ಅದು ಇಳಿದದ್ದು ಕಳೆದ ಮೇ ತಿಂಗಳಲ್ಲಿ, ಒಂದು ಚಿಟಿಕೆಯಷ್ಟು ಕೂದಲಿನಿಂದ.

ಅದು ನಮಗೆ ದುಬೈಯ ಕೊನೆಯ ಬೇಸಿಗೆ. ನನ್ನ ಗಂಡ ಇಸ್ಮಾಯಿಲ್ ರಾಸ್ ಅಲ್ ಖೋರಿನಲ್ಲಿ ವಾಹನಗಳ ಬಿಡಿಭಾಗದ ಗೋದಾಮು ನೋಡಿಕೊಳ್ಳುವವರು. ಅರವತ್ತು ತುಂಬಿತು, ಇನ್ನು ವೀಸಾ ಮುಂದುವರಿಸುವುದಿಲ್ಲ ಎಂದು ಕಂಪೆನಿಯವರು ಹೇಳಿಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಊರಿಗೆ, ಫರಂಗಿಪೇಟೆಗೆ, ಹೊರಡುವುದೆಂದು ನಿಶ್ಚಯವಾಗಿತ್ತು. ಖುಷಿಯಾ ಎಂದು ಬಿಲ್ಡಿಂಗಿನವರೆಲ್ಲ ಕೇಳುತ್ತಿದ್ದರು. ಖುಷಿ ಎನ್ನುತ್ತಿದ್ದೆ. ಸುಳ್ಳು.

ನಮ್ಮ ಮೊದಲ ಮಗು ಇಲ್ಲೇ ಹುಟ್ಟಿ ಮೂರನೆಯ ದಿನ ತೀರಿಹೋಯಿತು. ಇಪ್ಪತ್ತನಾಲ್ಕು ವರ್ಷವಾಯಿತು. ನಮ್ಮ ಕಡೆ ಹೆಂಗಸರು ದಫನಕ್ಕೆ ಹೋಗುವ ಕ್ರಮವಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಇವರು ನಾಲ್ಕು ಜನರ ಜೊತೆ ಹೋದರು, ಸಂಜೆ ಬರಿಗೈಯಲ್ಲಿ ಬಂದರು. ಎಲ್ಲಿ ಮಲಗಿಸಿದಿರಿ ಎಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಮಗ ಜಂಶೀರ್ ಹುಟ್ಟಿದ, ಬೆಳೆದ, ಈಗ ಅಬುಧಾಬಿಯಲ್ಲಿ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಆ ಮಗುವಿನ ಮಾತು ಮತ್ತೆ ಎದ್ದದ್ದಿಲ್ಲ. ಇವರು ಮೊದಲೇ ಮಾತಿಗೆ ಬಡವರು. ಕೇಳಿದರೆ ಅರ್ಧ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಹಬ್ಬದ ದಿನ ನಮಾಝ್ ಮುಗಿಸಿ ಬಿಲ್ಡಿಂಗಿನ ಗಂಡಸರೆಲ್ಲ ಏಳು ಗಂಟೆಗೆ ಮನೆ ಸೇರಿದರೆ ಇವರು ಒಂಬತ್ತಕ್ಕೆ ಬರುವವರು. ಎಲ್ಲಿ ಹರಟುತ್ತ ನಿಂತಿದ್ದಿರಿ, ಅಕ್ಕಿಹಿಟ್ಟಿನ ಪತ್ತಿರಿ ತಣ್ಣಗಾಯಿತು ಎಂದು ಪ್ರತಿ ಹಬ್ಬಕ್ಕೂ ನಾನು ಬೈಯುವುದು, ಇವರು ಸುಮ್ಮನೆ ಕೂತು ತಿನ್ನುವುದು. ಹಾಗೆ ನಡೆದುಕೊಂಡು ಬಂದಿತ್ತು.

ಮೆರಿಯಾನ ನಮ್ಮ ಅಂಗಡಿಗೆ ಆರು ವರ್ಷದ ಗಿರಾಕಿ. ಪಕ್ಕದ ಶಾಲೆಯಲ್ಲಿ ಆಟ ಕಲಿಸುವ ಟೀಚರ್. ನ್ಯೂಝಿಲೆಂಡಿನ ಮಾವೋರಿ ಜನ, ಅಂದರೆ ಬಿಳಿಯರು ಹೋಗುವ ಮೊದಲೇ ಆ ದೇಶದಲ್ಲಿದ್ದವರು. ಅಗಲವಾದ ಮೈ, ದೊಡ್ಡ ನಗು. ಆಕೆಯ ಮಗಳು ಆನಹೇರಳ ಸ್ಕರ್ಟನ್ನು ವರ್ಷಕ್ಕೆ ಎರಡು ಸಲ ಉದ್ದ ಮಾಡಿಕೊಟ್ಟವಳು ನಾನೇ. ಆ ಹುಡುಗಿ ಶಾಲೆ ಮುಗಿಸುವ ವರ್ಷ ಮೆರಿಯಾನ ಒಂದು ದೊಡ್ಡ ಬಟ್ಟೆಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಮೇಜನ್ನು ಒರೆಸಿಸಿ, ನನ್ನ ಚಹಾದ ಲೋಟವನ್ನು ದೂರ ಇಡಿಸಿ, ಆಮೇಲೆ ಬಿಚ್ಚಿದರು.

ಒಳಗಿದ್ದದ್ದು ಹಕ್ಕಿಗರಿಯ ಹೊದಿಕೆ. ನಾರನ್ನು ಕೈಯಲ್ಲೇ ಹೊಸೆದು ಹೆಣೆದು, ಸಾಲುಸಾಲಾಗಿ ಕಂದು ಗರಿ ಕೂರಿಸಿದ್ದರು. ಆಕೆಯ ಅಜ್ಜಿಯ ಅಜ್ಜಿ ಮಾಡಿದ್ದಂತೆ. ಮದುವೆಗೂ ಸಾವಿಗೂ ಓದು ಮುಗಿದದ್ದಕ್ಕೂ ಮನೆಯವರು ಇದನ್ನೇ ಹೊದೆಯುವುದು. ಮುಂದಿನ ಗುರುವಾರ ಶಾಲೆಯ ಸಮಾರಂಭಕ್ಕೆ ಆನಹೇರ ಹೊದೆಯಬೇಕು. ಒಳಗಿನ ಅಸ್ತರು ಮಾತ್ರ ಜೀರ್ಣವಾಗಿತ್ತು. ಅದನ್ನು ಬದಲಿಸಿಕೊಡು, ನಾರಿಗೂ ಗರಿಗೂ ಸೂಜಿ ತಾಗಿಸಬೇಡ ಎಂದರು. ಇದನ್ನು ಬಲ್ಲವರು ಇಲ್ಲಿ ಯಾರೂ ಇಲ್ಲ, ನಿನ್ನ ಕೈಯ ಮೇಲೆ ನಂಬಿಕೆಯಿದೆ ಎಂದೂ ಹೇಳಿದರು. ನನ್ನ ಉಮ್ಮ ಕೇದಗೆ ಎಲೆಯ ಚಾಪೆ ಹೆಣೆಯುತ್ತಿದ್ದವರು. ಆ ನಾರನ್ನು ಮುಟ್ಟಿದಾಗ ಅವರ ಕೈಯೇ ನೆನಪಾಯಿತು. ಮಾಡಿಕೊಡುತ್ತೇನೆ ಎಂದೆ.

ಅಂಗಡಿಯ ಗಲಾಟೆಯಲ್ಲಿ ಮಾಡುವ ಕೆಲಸವಲ್ಲವೆಂದು ಮನೆಗೆ ಒಯ್ದೆ. ಶನಿವಾರ ಬೆಳಿಗ್ಗೆ ಚಾಪೆಯ ಮೇಲೆ ಹರಡಿ ಹಳೆ ಅಸ್ತರನ್ನು ಬಿಚ್ಚತೊಡಗಿದೆ. ಕತ್ತಿನ ಹಿಂಭಾಗಕ್ಕೆ ಬರುವಲ್ಲಿ ಒಂದು ಸಣ್ಣ ಜೇಬಿನಂಥದ್ದಿತ್ತು. ಅದರ ನೂಲು ಮುಟ್ಟಿದೊಡನೆ ಹುಡಿಯಾಯಿತು, ಒಳಗಿಂದ ಕಪ್ಪು ಕೂದಲು ನನ್ನ ಮಡಿಲಿಗೆ ಬಿತ್ತು. ನುಣುಪಾದ, ಬೆರಳುದ್ದದ ಕೂದಲು.

ಕೂದಲನ್ನಾಗಲಿ ಉಗುರನ್ನಾಗಲಿ ಕಂಡಲ್ಲಿ ಬಿಸಾಡಬಾರದು, ಮಣ್ಣಿಗೆ ಕೊಡಬೇಕು ಎಂದು ಉಮ್ಮ ಕಲಿಸಿದ್ದರು. ಹೆಣ್ಣಿನ ಕೂದಲಾದರೆ ಇನ್ನೂ ಜಾಗ್ರತೆ. ಯಾರ್ಯಾರದೋ ಕಣ್ಣಿಗೆ ಬೀಳಬಾರದು, ಕಾಲಿಗೆ ಸಿಗಬಾರದು. ಯಾವಳೋ ಪಾಪದವಳ ಕೂದಲು ಇಷ್ಟು ಕಾಲ ಮಣ್ಣು ಕಾಣದೆ ಉಳಿಯಿತಲ್ಲ ಎಂದು ನನಗೆ ಅಯ್ಯೋ ಅನಿಸಿತು. ಇದನ್ನು ಜೇಬು ಮಾಡಿ ಇಟ್ಟವರು ಯಾಕೆ ಇಟ್ಟಿರಬಹುದು ಎಂದು ಯೋಚಿಸಿದೆನೇ? ಇಲ್ಲ. ತಪ್ಪಾದದ್ದು ಅಲ್ಲೇ. ನಮ್ಮ ಫ್ಲ್ಯಾಟಿನಲ್ಲಿ ಮಣ್ಣು ಅಂತ ಇರುವುದು ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಮಾತ್ರ. ಬಿಸ್ಮಿಲ್ಲಾ ಹೇಳಿ ಗಿಡದ ಬುಡದಲ್ಲಿ ಕೂದಲನ್ನು ಹೂತು, ಮೇಲೆ ಒಂದು ಲೋಟ ನೀರು ಹೊಯ್ದೆ. ಒಳ್ಳೆ ಕೆಲಸ ಮಾಡಿದೆನೆಂಬ ಸಮಾಧಾನವೂ ಆಯಿತು.

ಬುಧವಾರ ಮಧ್ಯಾಹ್ನ ಮೆರಿಯಾನ ಬಂದರು. ಹೊಸ ಅಸ್ತರು ನೋಡಿ ನನ್ನ ಭುಜ ತಟ್ಟಿದರು. ಆಮೇಲೆ, ಅದು ಆ ಮನೆಯವರ ರೂಢಿಯಿರಬೇಕು, ಹೆಬ್ಬೆರಳನ್ನು ಕತ್ತಿನ ಹಿಂಭಾಗದ ಒಳಗೆ ಆಡಿಸಿದರು. ಬೆರಳು ನಿಂತಿತು. ಮತ್ತೊಮ್ಮೆ ಆಡಿಸಿದರು. ಇಲ್ಲಿದ್ದದ್ದು ಎಲ್ಲಿ ಎಂದು ಕೇಳಿದರು. ನಾನು, ಅಲ್ಲಾಹನೇ, ಹೆಮ್ಮೆಯಿಂದ ಹೇಳಿದೆ. ಬಿಸಾಡಿಲ್ಲ ಟೀಚರ್, ಮರ್ಯಾದೆಯಿಂದ ಮಣ್ಣಿಗೆ ಕೊಟ್ಟಿದ್ದೇನೆ ಎಂದೆ.

ಆಕೆ ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು.

"ನನ್ನನ್ನು ಒಂದು ಮಾತು ಕೇಳಬೇಕಿತ್ತು ಝುಲೈಖ" ಎಂದರು.

ಗದರಿದ್ದರೆ ನಾನೂ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಬಾಯಿಗೆ ನನಗೇನು ಕಮ್ಮಿಯಿಲ್ಲ. ಮೆತ್ತಗೆ ಹೇಳಿದ್ದರಿಂದ ಆ ದಾರಿಯೂ ಇರಲಿಲ್ಲ. ಆಮೇಲೆ ಆ ಕೂದಲು ಯಾರದೆಂದು ಹೇಳಿದರು. ಅವರ ಇಂಗ್ಲಿಷು, ನನ್ನ ಅರೆಬರೆ ಇಂಗ್ಲಿಷು. ಆದರೂ ಒಂದು ಮಾತೂ ತಪ್ಪದೆ ಅರ್ಥವಾಯಿತು.

ಅಜ್ಜಿಯ ಅಜ್ಜಿಯ ಹೆಸರು ಹಿನೆರಂಗಿ. ನದಿಯ ದಂಡೆಯಲ್ಲಿ ಅವರ ಊರು, ಗೆಣಸಿನ ಹೊಲ, ಪೀಚ್ ಮರಗಳು. ನೂರ ಅರವತ್ತು ವರ್ಷದ ಹಿಂದೆ ಬಿಳಿಯರ ಸರಕಾರದ ಸೈನ್ಯ ನದಿ ಹತ್ತಿ ಬಂತು. ಎದುರು ನಿಂತವರಿಗೆ ಶಿಕ್ಷೆಯೆಂದು ನೆಲವನ್ನೇ ವಶ ಮಾಡಿಕೊಂಡಿತು. ಎದುರು ನಿಲ್ಲದವರದ್ದೂ ಹೋಯಿತು. ಹಿನೆರಂಗಿ ರಿಪೆಕಾ ಎಂಬ ಎಂಟು ತಿಂಗಳ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಚಳಿಗಾಲ. ದಾರಿಯಲ್ಲಿ ಮಗು ಜ್ವರ ಬಂದು ಸತ್ತಿತು. ಅದರ ತಲೆಯಿಂದ ಒಂದು ಚಿಟಿಕೆ ಕೂದಲು ಕತ್ತರಿಸಿಟ್ಟುಕೊಂಡು, ಮಗುವನ್ನು ಒಂದು ಗುಡ್ಡದ ಬದಿಗೆ ಹೂತು ಮುಂದೆ ನಡೆದಳು. ಒಂದೆರಡು ವರ್ಷದ ಮೇಲೆ ಹುಡುಕಿಕೊಂಡು ಬಂದರೆ ಆ ಗುಡ್ಡಕ್ಕೆ ಬೇಲಿ ಬಿದ್ದಿತ್ತು, ಒಳಗೆ ಯಾರದೋ ಕುರಿ ಮೇಯುತ್ತಿದ್ದವು. ಅವಳನ್ನು ಒಳಗೆ ಬಿಡಲಿಲ್ಲ.

"ನಮ್ಮಲ್ಲೂ ಹಾಗೇ" ಎಂದರು ಮೆರಿಯಾನ. "ತಲೆಗೂದಲು ಪವಿತ್ರ. ಅದನ್ನು ನಮ್ಮದೇ ಮಣ್ಣಿಗೆ ಕೊಡಬೇಕು. ಹಿನೆರಂಗಿಗೆ ತನ್ನದು ಅಂತ ಒಂದು ಹಿಡಿ ಮಣ್ಣೂ ಉಳಿದಿರಲಿಲ್ಲ. ಅದಕ್ಕೇ ಹೊದಿಕೆಯಲ್ಲಿ ಇಟ್ಟಳು."

ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತ, ಬಿಡುವು ಸಿಕ್ಕಾಗ ಹೆಣೆದದ್ದಂತೆ ಈ ಹೊದಿಕೆ. ಸರಕಾರದ ಪುಸ್ತಕದಲ್ಲಿ ಹಿನೆರಂಗಿಯ ಹೆಸರೇ ಇಲ್ಲ, 'ಸ್ಥಳೀಯ ಹೆಂಗಸು' ಎಂದು ಬರೆದಿದೆ. ರಿಪೆಕಾಳಂತೂ ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಹುಟ್ಟಿದ ಪಾರೆ ಎಂಬ ಮಗಳಿಂದ ಹಿಡಿದು ಇದನ್ನು ಹೊದ್ದ ಪ್ರತಿಯೊಬ್ಬರ ಕತ್ತಿನ ಹಿಂದೆ, ತಾಯಿಯ ಬೆನ್ನಿಗೆ ಕಟ್ಟಿದ್ದ ಜಾಗದಲ್ಲಿ, ಆ ಮಗು ಇರುತ್ತಿತ್ತು.

ನಾನು ಕತ್ತರಿಯನ್ನು ಕೆಳಗಿಟ್ಟು ಎದ್ದೆ. ಅಂಗಡಿಯ ಒಡತಿ ಸಫೂರಾ ಬೀಬಿಗೆ ಒಂದು ಮಾತು ಹೇಳಿ, ಹೊದಿಕೆಯನ್ನೂ ಆಕೆಯನ್ನೂ ಟ್ಯಾಕ್ಸಿ ಹತ್ತಿಸಿದೆ. ದಾರಿಯಲ್ಲೆಲ್ಲ ನನಗೆ ಒಂದೇ ಭಯ. ಐದು ದಿನ ಬೆಳಿಗ್ಗೆ ಬೆಳಿಗ್ಗೆ ನೀರು ಹಾಕಿದ್ದೇನೆ. ಸಿಗದಿದ್ದರೆ ಈ ಹೆಂಗಸಿಗೆ ನಾನು ಯಾವ ಮುಖ ತೋರಿಸಲಿ?

ಬಾಲ್ಕನಿಯಲ್ಲಿ ಪೇಪರು ಹಾಸಿ, ಕುಂಡವನ್ನು ಮಗುಚಿ, ಇಬ್ಬರೂ ಮೊಣಕಾಲೂರಿ ಕೂತೆವು. ಬಿಸಿಲು ಸುಡುತ್ತಿತ್ತು. ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಬೆರಳಲ್ಲಿ ಉಜ್ಜಿ ನೋಡಿದೆವು. ಮೊದಲು ಸಿಕ್ಕಿದ್ದು ಬೇರು, ಮತ್ತೆ ಸಿಕ್ಕಿದ್ದೂ ಬೇರು. ನನಗೆ ಅಳು ಬಂದುಬಿಟ್ಟಿತು. ಅಳುತ್ತಲೇ, ಯಾರೂ ಕೇಳದಿದ್ದರೂ, ನನ್ನದೂ ಒಂದು ಹೆಣ್ಣು ಹೀಗೇ ಹೋಯಿತು ಟೀಚರ್ ಎಂದುಬಿಟ್ಟೆ. ಮೆರಿಯಾನ ಕೈ ನಿಲ್ಲಿಸಲಿಲ್ಲ. ಹೆಸರೇನಿಟ್ಟಿದ್ದೆ ಎಂದು ಕೇಳಿದರು. ರುಖಿಯ ಎಂದೆ. ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಇದೇ ಊರಲ್ಲಿ, ಎಲ್ಲಿ ಅಂತ ನನಗೆ ಗೊತ್ತಿಲ್ಲ ಎಂದೆ.

"ನಿನಗೆ ಬೇಲಿ ಹಾಕಿದವರು ಯಾರೂ ಇಲ್ಲವಲ್ಲ" ಎಂದರು.

ಅಷ್ಟರಲ್ಲಿ ಅವರ ಬೆರಳಿಗೆ ಕೂದಲು ಸಿಕ್ಕಿತು. ಒದ್ದೆಯಾಗಿ ಒಂದೇ ಎಳೆಯಂತೆ ಅಂಟಿಕೊಂಡು, ಮೈಯೆಲ್ಲ ಮಣ್ಣು ಮಾಡಿಕೊಂಡು, ಹಾಗೇ ಇತ್ತು. ಆಕೆ ಅದನ್ನು ಅಂಗೈಯಲ್ಲಿಟ್ಟುಕೊಂಡರು. ತೊಳೆದು ಕೊಡಲೇ ಎಂದೆ. ಬೇಡ, ನೀನು ಮರ್ಯಾದೆಯಿಂದ ಕೊಟ್ಟ ಮಣ್ಣು, ಅದೂ ಜೊತೆಗೆ ಬರಲಿ ಎಂದರು. ಆಕೆ ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಆಮೇಲೆ ನಾನು ಬಿಳಿ ಹತ್ತಿಯ ತುಂಡಿನಲ್ಲಿ ಹೊಸ ಜೇಬು ಮಾಡಿ, ಕೂದಲನ್ನಿಟ್ಟು, ಅಸ್ತರಿನ ಒಳಗೆ ಹೊಲಿದೆ. ಹೊಲಿಯುವಷ್ಟು ಹೊತ್ತು ಆಕೆ ಮನೆಯವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಮೊದಲ ಹೆಸರು ಹಿನೆರಂಗಿಯದು. ಎರಡನೆಯದು ರಿಪೆಕಾಳದು. ಎಂಟು ತಿಂಗಳಷ್ಟೇ ಬದುಕಿದ ಮಗುವನ್ನು ಈ ಮನೆಯವರು ನೂರ ಅರವತ್ತು ವರ್ಷದಿಂದ ಹೆಸರು ಹಿಡಿದು ಕರೆಯುತ್ತಿದ್ದಾರೆ. ನಾನು ಹೆತ್ತವಳು, ಇಪ್ಪತ್ತನಾಲ್ಕು ವರ್ಷ ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಾಯಿತು.

ಗುರುವಾರದ ಸಮಾರಂಭಕ್ಕೆ ನನ್ನನ್ನೂ ಕರೆದಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದೆ. ವೇದಿಕೆ ಹತ್ತುವ ಮೊದಲು ಆನಹೇರ ಕೈಯನ್ನು ಹಿಂದೆ ಒಯ್ದು ಕತ್ತಿನ ಬಳಿ ಒಮ್ಮೆ ಮುಟ್ಟಿಕೊಂಡಳು.

ಶನಿವಾರ ಸಂಜೆ ಇವರಿಗೆ ಚಹಾ ಕೊಟ್ಟು ಎದುರಿಗೇ ಕೂತೆ.

"ರುಖಿಯ ಎಲ್ಲಿದ್ದಾಳೆ?" ಎಂದು ಕೇಳಿದೆ.

ಇವರು ಲೋಟ ಕೆಳಗಿಟ್ಟರು. "ನಾಳೆ ಬೆಳಿಗ್ಗೆ ಹೋಗುವ" ಎಂದರು.

ಕಬರಸ್ಥಾನದಲ್ಲಿ ಸಣ್ಣ ಮಕ್ಕಳದ್ದೇ ಒಂದು ಭಾಗವಿತ್ತು. ನೂರಾರು ಮಣ್ಣುದಿಬ್ಬ, ಎಲ್ಲವೂ ಒಂದೇ ತರಹ, ಹೆಸರಿಲ್ಲ. ಇವರು ಅತ್ತಿತ್ತ ನೋಡಲಿಲ್ಲ, ಸಾಲು ಎಣಿಸಲಿಲ್ಲ. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವ ಹಾಗೆ ನೇರ ನಡೆದು ಒಂದು ಕಡೆ ನಿಂತರು. ಆ ದಿಬ್ಬದ ಸುತ್ತ ಒಂದು ಕಸಕಡ್ಡಿಯೂ ಇರಲಿಲ್ಲ.

ಇಷ್ಟು ವರ್ಷದ ಮೇಲೂ ಹೇಗೆ ಸರಿಯಾಗಿ ಗೊತ್ತಾಯಿತು ಎಂದು ಕೇಳಿದೆ.

"ವರ್ಷಕ್ಕೆ ಎರಡು ಸಲ ಬರ್ತೇನಲ್ಲ, ಎರಡೂ ಹಬ್ಬಕ್ಕೆ. ನಮಾಝ್ ಮುಗಿಸಿ ಇವಳನ್ನು ನೋಡಿಯೇ ಮನೆಗೆ ಬರುವುದು. ಹೇಳಿದ್ರೆ ನಿನಗೆ ಪುನಃ ಸಂಕಟ ಆದೀತು ಅಂತ ಹೇಳಲಿಲ್ಲ."

ನಾನು ಅಲ್ಲೇ ಮಣ್ಣಿನ ಮೇಲೆ ಕೂತೆ. ನಲವತ್ತೆಂಟು ಹಬ್ಬ. ನಲವತ್ತೆಂಟು ಸಲವೂ ಬೈದಿದ್ದೆ. ಬೈಸಿಕೊಂಡು, ತಣ್ಣಗಿನ ಪತ್ತಿರಿ ತಿಂದು, ಕೈ ತೊಳೆದು ಎದ್ದು ಹೋಗುತ್ತಿದ್ದ ಈ ಮನುಷ್ಯನನ್ನು ಏನು ಮಾಡಲಿ? ಕೈ ಚಾಚಿದೆ. ಇವರು ಪಕ್ಕದಲ್ಲಿ ಕೂತರು. ರುಖಿಯ ಎಂದು ಕರೆದೆ. ಇವರೂ ಕರೆದರು.

ಜೂನಿನಲ್ಲಿ ಬಕ್ರೀದ್ ಬಂತು, ಇಲ್ಲಿ ನಮ್ಮ ಕೊನೆಯ ಹಬ್ಬ. ಪತ್ತಿರಿ ಸುಟ್ಟು ಮುಚ್ಚಿಟ್ಟು ಹೋದವಳು ಇವರ ಜೊತೆಗೇ ಒಂಬತ್ತೂವರೆಗೆ ಮನೆಗೆ ಬಂದೆ. ಅಬುಧಾಬಿಯಿಂದ ಬಂದಿದ್ದ ಜಂಶೀರ್ ಬಾಗಿಲಲ್ಲೇ ನಿಂತು, ಎಲ್ಲಿಗೆ ಹೋಗಿದ್ದಿರಿ, ಎಲ್ಲ ತಣ್ಣಗಾಯಿತು ಎಂದು ನಮ್ಮಿಬ್ಬರನ್ನೂ ಗದರಿದ. ಕೂತುಕೋ, ನಿನ್ನ ಅಕ್ಕನ ವಿಷಯ ಹೇಳಬೇಕು ಎಂದೆ.