ಗದ್ಯಭಾಗದಲ್ಲಿ ಇದ್ದಂತೆ

ಮುಂದೆ ಕೂತವನ ಕುರ್ಚಿ ಕಿರುಗುಟ್ಟುತ್ತಿದೆ, ಆ ಕಾಲು ಕುಣಿಸುವುದನ್ನು ನಿಲ್ಲಿಸಬಾರದೇ ಮಹರಾಯ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ — ಅಮ್ಮನ ಕೊನೆಯ ದಿನಗಳಲ್ಲಿ ಅವಳ ತಲೆ ಬಾಚುವುದೇ ನನ್ನ ಪ್ರಾರ್ಥನೆಯಾಗಿತ್ತು — ಪ್ರಾರ್ಥನೆಯಂತೆ, ಕೆಳಗೆ ಅಕ್ಕನ ಹೆಸರು, ಖ್ಯಾತ ಲೇಖಕಿ, ಪ್ರಶ್ನೆಪತ್ರಿಕೆ ತೆಗೆದವನಿಗೆ ಊರಲ್ಲಿ ಬೇರೆ ಯಾರ ಪ್ರಬಂಧವೂ ಸಿಗಲಿಲ್ಲವೇ, ಮೊದಲ ಗದ್ಯಭಾಗ ಜೇನುಹುಳಗಳ ಮೇಲಿತ್ತು, ಎಷ್ಟು ಸಲೀಸಾಗಿ ಬರೆದೆ, ಜೇನುಹುಳ ಯಾರ ಅಕ್ಕನೂ ಅಲ್ಲ. ತಂಗಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ — ಇದನ್ನೂ ಬರೆದಿದ್ದಾಳೆ ನಾಚಿಕೆಗೆಟ್ಟವಳು, ಬಾಗಿಲಲ್ಲಿ ನಿಂತವಳು ನೀನು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ನಂಗೆ ಈ ವಾಸನೆ ಆಗಲ್ಲ ಕಣೇ, ನೀನೇ ನೋಡ್ಕೋ, ನಿಂಗೆ ಅಭ್ಯಾಸ ಆಗಿದೆಯಲ್ಲ, ನಾನು ಹಾಸಿಗೆಯ ತುದಿಯಲ್ಲಿ ಕೂತು ಹಸಿರು ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತಿದ್ದೆ, ಅದರ ಒಂದು ಹಲ್ಲು ಮುರಿದಿತ್ತು, ಮೆಲ್ಲಗೆ ಬಾಚೇ ರಾಕ್ಷಸಿ, ಅದೇನು ಕೈಯೋ ಪೊರಕೆಯೋ, ಅಮ್ಮ ಬೈದ ದಿನ ನನಗೆ ಊಟ ಸೇರುತ್ತಿತ್ತು, ಬೈಯಲೂ ಆಗದ ದಿನಗಳು ಆಮೇಲೆ ಬಂದವು. ಆ ವರ್ಷವೂ ಇದೇ ಪರೀಕ್ಷೆ, ಹಾಲ್ ಟಿಕೆಟ್ ಬಂದಿತ್ತು, ಅವಳನ್ನು ಬಿಟ್ಟು ಬರಲಾಗಲಿಲ್ಲ, ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇವತ್ತಿಗೂ ಹಂಗಾಮಿ ಗುಮಾಸ್ತೆ, ವಯಸ್ಸಿನ ಮಿತಿ ಮುಗಿಯುತ್ತಾ ಬಂತು, ಇದೇ ಕೊನೆಯ ಸಲ, ಪಾಸಾಗದಿದ್ದರೆ ಇರೋ ಕೆಲಸಾನೂ ಇಲ್ಲ ಅಂದ್ಕೊಳ್ಳಿ ಎಂದು ಮೇಲಧಿಕಾರಿ ನಿನ್ನೆ ಹಲ್ಲು ಕಿರಿದಿದ್ದಾನೆ.

ತಾಯಿಯ ತಲೆ ಬಾಚುತ್ತಿದ್ದವರು ಯಾರು, ಅ ದಾದಿ, ಆ ಲೇಖಕಿ, ಇ ತಂಗಿ, ಈ ನೆರೆಯವರು — ನೋಡು, ನಾನೂ ಇದ್ದೇನೆ, ಸರಿಯಾಗಿ ಓದದವರು ಮೋಸಹೋಗಲಿ ಎಂದು ಇಟ್ಟ ತಪ್ಪು ಉತ್ತರವಾಗಿ, ಮೇಲೆ ದಪ್ಪಕ್ಷರದಲ್ಲಿ ಅಪ್ಪಣೆ ಬೇರೆ, ಗದ್ಯಭಾಗದಲ್ಲಿ ಇರುವುದನ್ನಷ್ಟೇ ಆಧರಿಸಿ ಉತ್ತರಿಸಿ, ಸ್ವಂತ ತಿಳಿವಳಿಕೆ ಬಳಸಬೇಡಿ. ಮೇಲ್ವಿಚಾರಕಿ ಬಗ್ಗಿ ನೋಡುತ್ತಾಳೆ, ಏನ್ ಮೇಡಂ, ಹುಷಾರಿಲ್ವಾ, ನೀರು ಬೇಕಾ, ಬೇಡ ತಾಯಿ, ನಿನ್ನ ನೀರೂ ಬೇಡ ಕನಿಕರವೂ ಬೇಡ, ಈ ಕೋಣೆಯಲ್ಲಿ ಕೂತವರೆಲ್ಲ ಈಗ ಅಕ್ಕನ ಪರವಾಗಿ ಸಾಕ್ಷಿ ಹೇಳುತ್ತಿದ್ದಾರೆ, ಇಷ್ಟು ಜನರ ಎದುರು ನನ್ನದೊಂದು ಇ ಯಾವ ಲೆಕ್ಕ, ಆ, ಅದರ ವೃತ್ತವನ್ನೇ ಕಪ್ಪು ಮಾಡಿದೆ, ಕಾಗದ ಹರಿಯುವಷ್ಟು ಒತ್ತಿ, ತಗೋ ಅಕ್ಕ, ಅದೂ ನಿನಗೇ ಇರಲಿ. ಮುಂದಿನದು — ಬಾಗಿಲಲ್ಲೇ ನಿಂತ ತಂಗಿಯ ಯಾವ ಗುಣ ಇಲ್ಲಿ ವ್ಯಕ್ತವಾಗಿದೆ, ಅ ಕರುಣೆ, ಆ ಕುತೂಹಲ, ಇ ವಿವೇಕ, ಈ ಅಸಡ್ಡೆ — ನಿನ್ನ ಬಾಯಿಗೆ ಮಣ್ಣು ಹಾಕ, ಉತ್ತರ ಗೊತ್ತು, ಓದು ಬರುವ ಯಾರಿಗಾದರೂ ಗೊತ್ತು, ಟೈಮ್ ಆಗ್ತಾ ಬಂತು, ಬೇಗ ಮುಗಿಸಿ ಎಂಬ ಕೂಗು, ಬಾಗಿಲ ಹೊರಗೆ ಎಲ್ಲರ ಬ್ಯಾಗುಗಳ ರಾಶಿ, ನನ್ನದರ ಒಳಜೇಬಿನಲ್ಲಿ ಅದಿದೆ, ಇನ್ನೂ ತೊಳೆದಿಲ್ಲ, ತೊಳೆಯುವುದೂ ಇಲ್ಲ, ಪೆನ್ನು ಅಸಡ್ಡೆಯ ವೃತ್ತದೊಳಗೆ ಸುತ್ತುತ್ತಿದೆ, ಗೆರೆ ದಾಟದಂತೆ, ಎಲ್ಲೂ ಬಿಳಿ ಉಳಿಯದಂತೆ, ಮೆಲ್ಲಗೆ ಬಾಚೇ, ಮೆಲ್ಲಗೆ — ಹಸಿರು ಬಾಚಣಿಗೆ, ಮುರಿದ ಹಲ್ಲು, ಅಲ್ಲಿ ಸಿಕ್ಕಿಕೊಂಡ ಒಂದು ಬಿಳಿ ಕೂದಲು.